ಬಾರೋಸಾದಲ್ಲಿ ಎರಡು ದಿನ: ಏಳರಲ್ಲಿ ನಾಲ್ಕು ಹೊಡೆದು ಹಾಕಿದ ಕಥೆ

ಮದುವೆಯಾಗಿ ಹದಿನೈದು ವರ್ಷ ತುಂಬಿತು, ಎಲ್ಲಾದರೂ ಇಬ್ಬರೇ ಹೋಗಿಬರೋಣ ಅಂತ ಮಾತಾಗಿತ್ತು. ಸಾಗರದಿಂದ ಅತ್ತೆ, ಮಾವ ಮೆಲ್ಬರ್ನ್‌ಗೆ ಬಂದಿದ್ದರು. ಮಗಳನ್ನು ನೋಡಿಕೊಳ್ಳೋಕೆ ಜನ ಸಿಕ್ಕಂತಾಯಿತು. ಏಪ್ರಿಲ್ ಕೊನೆಯ ಒಂದು ಶುಕ್ರವಾರ ಹೊರಟು ಭಾನುವಾರ ರಾತ್ರಿ ವಾಪಸ್. ಜಾಗ ಬಾರೋಸಾ ಕಣಿವೆ, ಅಡಿಲೇಡ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ದ್ರಾಕ್ಷಿ ಸೀಮೆ.

"ಅಲ್ಲಿ ನೋಡೋದಕ್ಕೆ ಏನಿದೆ?" ಅಂತ ಅತ್ತೆ ಕೇಳಿದರು. "ದ್ರಾಕ್ಷಿ ತೋಟ" ಅಂದೆ. ಸುಳ್ಳೇನೂ ಅಲ್ವಲ್ಲ.

ನಾನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದೆ. ಶನಿವಾರ ಒಂದೇ ದಿನಕ್ಕೆ ಏಳು ಸೆಲ್ಲರ್ ಡೋರ್. ವೈನ್ ಮಾಡುವವರು ತಮ್ಮ ಜಾಗದಲ್ಲೇ ರುಚಿ ತೋರಿಸಿ ಮಾರುವ ಕೋಣೆಗೆ ಇಲ್ಲಿ ಹಾಗನ್ನುತ್ತಾರೆ. ಹೆಂಡತಿ ಪಟ್ಟಿ ನೋಡಿ, "ರೀ, ಇದೇನು ಮದುವೆ ಕಾಗದ ಹಂಚೋಕೆ ಹೋಗ್ತಿದ್ದೀವಾ?" ಅಂದಳು. ಮಾತು ನಿಜ. ಕಾಗದ ಹಂಚುವಾಗ ಹೋದ ಮನೆಯಲ್ಲೆಲ್ಲ ಕಾಫಿ ಕುಡಿದು, ಐದನೇ ಮನೆ ಹೊತ್ತಿಗೆ ಯಾರ ಮನೆ ಕಾಫಿ ಹೇಗಿತ್ತು ಅಂತಲೇ ನೆನಪಿರೋದಿಲ್ಲ. ಅವಳು ಪೆನ್ ತಗೊಂಡು ನಾಲ್ಕು ಹೆಸರು ಹೊಡೆದು ಹಾಕಿದಳು.

ಉಳಿದ ಮೂರಕ್ಕೂ ನಾನು ಲೆಕ್ಕ ಹಾಕಿ ನೋಡಿದೆ. ರುಚಿಗೆ ಒಂದು ಸಲ ಹಾಕೋದು ಸುಮಾರು 30 ಮಿಲಿ. ಬಾರೋಸಾದ ಕೆಂಪು ವೈನ್‌ನಲ್ಲಿ ಶೇಕಡಾ 14.5ರಷ್ಟು ಆಲ್ಕೋಹಾಲ್ ಇರೋದು ಮಾಮೂಲು. ಆಸ್ಟ್ರೇಲಿಯಾದಲ್ಲಿ 10 ಗ್ರಾಂ ಆಲ್ಕೋಹಾಲ್ ಅಂದರೆ ಒಂದು 'ಸ್ಟಾಂಡರ್ಡ್ ಡ್ರಿಂಕ್'. ಹಾಗಾಗಿ ಒಂದು ಗುಟುಕು ಅಂದರೆ ಒಂದು ಡ್ರಿಂಕಿನ ಮೂರನೇ ಒಂದು ಭಾಗ. ಒಂದೊಂದು ಕಡೆ ಐದು ಬಗೆ ಕೊಟ್ಟರೂ ಮೂರು ಕಡೆ ಸೇರಿ ಐದು ಡ್ರಿಂಕ್ ಆಯಿತು. ಗಾಡಿ ಓಡಿಸುವವನ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.05 ಮುಟ್ಟುವಂತಿಲ್ಲ, ಪೊಲೀಸರು ಎಲ್ಲಿ ಬೇಕಾದರೂ ನಿಲ್ಲಿಸಿ ಊದಿಸುತ್ತಾರೆ. ಗೈಡ್ ಇರುವ ಬಸ್ಸುಗಳಿವೆ. ಆದರೆ ನಮಗೆ ನಮ್ಮ ಹೊತ್ತಿಗೆ ಎದ್ದು ಹೊರಡುವ ಆಸೆ. ಕೊನೆಗೆ ಗಾಡಿ ನಾನು ಓಡಿಸೋದು, ಬಾಯಿಗೆ ಹಾಕಿದ್ದನ್ನು ಉಗುಳೋದು ಅಂತ ತೀರ್ಮಾನವಾಯಿತು. ಎಲ್ಲ ಕೌಂಟರಿನ ಮೇಲೂ ಅದಕ್ಕೊಂದು ಪಾತ್ರೆ ಇಟ್ಟಿರುತ್ತಾರೆ. ನಮ್ಮ ಪೀಕದಾನಿಯೇ, ಹೆಸರು ಬೇರೆ ಅಷ್ಟೆ. ಹೆಂಡತಿ ಎಲೆಅಡಿಕೆ ಮನೆಯವಳು. ಚೆಲ್ಲದ ಹಾಗೆ ಉಗುಳೋದು ಹೇಗೆ ಅಂತ ಹಿಂದಿನ ರಾತ್ರಿ ಬಾತ್‌ರೂಮಿನಲ್ಲಿ ನೀರಿನಲ್ಲೇ ಅಭ್ಯಾಸ ಮಾಡಿಸಿದಳು. ನಗಬೇಡಿ, ಬಿಳಿ ಅಂಗಿ ಹಾಕಿಕೊಂಡು ಹೋಗುವವರಿಗೆ ಇದು ಬೇಕಾಗುತ್ತದೆ.

ಅತ್ತೆ ದಾರಿಗೆ ಅಂತ ಕಿತ್ತಳೆ ಹಣ್ಣು ಕಟ್ಟಿಕೊಟ್ಟಿದ್ದರು. ವಿಮಾನದಲ್ಲಿ ಎರಡು ತಿಂದೆವು, ಉಳಿದದ್ದು ಅಡಿಲೇಡ್ ವಿಮಾನ ನಿಲ್ದಾಣದ ಡಬ್ಬಿಗೆ ಹೋಯಿತು. ಹಣ್ಣುನೊಣದ ಭಯಕ್ಕೆ ಅಡಿಲೇಡ್ ಇರುವ ಸೌತ್ ಆಸ್ಟ್ರೇಲಿಯಾ ರಾಜ್ಯದೊಳಗೆ ಹೊರಗಿನ ಹಸಿ ಹಣ್ಣು ತರೋಕೆ ಬಿಡೋದಿಲ್ಲ. ಗೊತ್ತಿಲ್ಲದೆ ಒಳಗೆ ತಂದರೆ ದಂಡ. ಇನ್ನೊಂದು ವಿಷಯ, ಅಡಿಲೇಡ್ ಮೆಲ್ಬರ್ನ್‌ಗಿಂತ ಅರ್ಧ ಗಂಟೆ ಹಿಂದೆ. ಫೋನ್ ತಾನೇ ಸರಿಮಾಡಿಕೊಂಡಿತು. ನನ್ನ ಕೈಗಡಿಯಾರ ಮಾಡಿಕೊಳ್ಳಲಿಲ್ಲ, ನನಗೂ ನೆನಪಾಗಲಿಲ್ಲ.

ಶುಕ್ರವಾರ ಸಂಜೆ ಸೆಂಟ್ರಲ್ ಮಾರ್ಕೆಟ್‌ಗೆ ಹೋದೆವು. 1869ರಿಂದ ಇರುವ ಮಾರುಕಟ್ಟೆ. ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಭಾನುವಾರ ಬಾಗಿಲು ಹಾಕಿರುತ್ತದೆ. ಚೀಸ್, ಬ್ರೆಡ್, ನಿಂಬೆಹಣ್ಣು, ಹಸಿಮೆಣಸಿನಕಾಯಿ ತಗೊಂಡೆವು. ಕೊನೆಯ ಎರಡು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಡಿಲೇಡ್ ಊರಿನ ನಕ್ಷೆ ಹಾಕಿದ್ದು ಕರ್ನಲ್ ವಿಲಿಯಂ ಲೈಟ್. ಪೇಟೆಯ ಸುತ್ತ ಹಸಿರು ಮೈದಾನಗಳ ಪಟ್ಟಿ ಬಿಟ್ಟಿದ್ದು ಅವನೇ. ಬಾರೋಸಾಕ್ಕೆ ಹೆಸರಿಟ್ಟವನೂ ಅವನೇ. ಸ್ಪೇನ್‌ನಲ್ಲಿ 1811ರಲ್ಲಿ ನಡೆದ ಬರ್ರೋಸಾ ಕದನದ ನೆನಪಿಗೆ ಇಟ್ಟ ಹೆಸರು, ಬರೆಯುವಾಗ ಅಕ್ಷರ ಹಿಂದುಮುಂದಾಗಿ ಹಾಗೇ ಉಳಿಯಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಂಗಸ್ಟನ್ ಹತ್ತಿರದ ರೈತರ ಸಂತೆಯಲ್ಲಿದ್ದೆವು. ಇದು ಶನಿವಾರ ಬೆಳಿಗ್ಗೆ ಮಾತ್ರ ನಡೆಯೋದು, ಹನ್ನೊಂದೂವರೆಗೆ ಮುಗಿದುಹೋಗುತ್ತದೆ. ಹೊಟ್ಟೆ ತುಂಬಾ ತಿಂದೆವು. ಖಾಲಿ ಹೊಟ್ಟೆಯಲ್ಲಿ ವೈನ್ ರುಚಿ ನೋಡೋಕೆ ಹೋಗೋದು ದಡ್ಡತನ.

ವೈನ್ ರುಚಿ ನೋಡುವಾಗ ಬಿಳಿ ಮೊದಲು, ಕೆಂಪು ಆಮೇಲೆ, ಸಿಹಿ ಕೊನೆಗೆ. ಊಟದ ಎಲೆಯ ತರ ಇದಕ್ಕೂ ಒಂದು ಕ್ರಮ ಇದೆ. ನಾವು ಇಡೀ ದಿನವನ್ನೇ ಹಾಗೆ ಜೋಡಿಸಿದ್ದೆವು. ಮೊದಲು ರೀಸ್ಲಿಂಗ್ ಅನ್ನುವ ಬಿಳಿ ವೈನ್ ಮಾಡುವ ಒಂದು ಸಣ್ಣ ಮನೆ, ಆಮೇಲೆ ಶಿರಾಜ್ ಅನ್ನುವ ಕೆಂಪು ವೈನ್‌ಗೆ ಟನುಂಡಾ ಊರಿನ ಲ್ಯಾಂಗ್‌ಮೈಲ್, ಸಂಜೆಗೆ ಸಿಹಿ ವೈನಿನ ಸೆಪೆಲ್ಟ್ಸ್‌ಫೀಲ್ಡ್.

ಸಣ್ಣ ಮನೆ ಈಡನ್ ವ್ಯಾಲಿಯ ಕಡೆ, ಎತ್ತರದ ತಂಪು ಜಾಗದಲ್ಲಿತ್ತು. ಕೈಗಡಿಯಾರದ ದಯೆಯಿಂದ ಅರ್ಧ ಗಂಟೆ ಮುಂಚೆ ತಲುಪಿದೆವು. ಬಾಗಿಲು ತೆರೆದಿರಲಿಲ್ಲ. ಬಳ್ಳಿಗಳೆಲ್ಲ ಹಳದಿ, ಕೆಂಪು ಬಣ್ಣಕ್ಕೆ ತಿರುಗಿದ್ದವು. ಕೊಯ್ಲು ಮುಗಿದಿತ್ತು. ಫೋಟೋಗೆ ಅಂತ ನಾನು ಸಾಲಿನೊಳಗೆ ಕಾಲಿಡಬೇಕು ಅನ್ನುವಷ್ಟರಲ್ಲಿ ಆ ಮನೆಯ ಯಜಮಾನಿ ಒಳಗಿನಿಂದಲೇ ಕೂಗಿದರು. ಬೇಲಿ ಮೇಲೊಂದು ಫಲಕವೂ ಇತ್ತು, ನಾನು ನೋಡಿರಲಿಲ್ಲ. ಎಲ್ಲಿಂದ ಬಂದಿರಿ ಅಂತ ಕೇಳಿದರು. ಮೆಲ್ಬರ್ನ್ ಅಂದೆ. "ಹಾಗಾದರೆ ಖಂಡಿತ ಬೇಡ" ಅಂದು ನಕ್ಕರು.

ಕಾರಣ ಫಿಲಾಕ್ಸೆರಾ ಅನ್ನುವ ಒಂದು ಹುಳ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ದ್ರಾಕ್ಷಿಯ ಬೇರಿಗೆ ಕೂತು ರಸ ಹೀರಿ ಬಳ್ಳಿಯನ್ನೇ ಕೊಲ್ಲುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಯುರೋಪಿಗೆ ಹೋಗಿ ಅಲ್ಲಿನ ತೋಟಗಳನ್ನು ನುಂಗಿಹಾಕಿತು. ಆಸ್ಟ್ರೇಲಿಯಾದಲ್ಲಿ ಮೊದಲು ಕಂಡಿದ್ದು 1877ರಲ್ಲಿ, ನಮ್ಮ ಮೆಲ್ಬರ್ನ್ ಪಕ್ಕದ ಜೀಲಾಂಗ್ ಹತ್ತಿರ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕೆಲವು ಭಾಗಗಳಲ್ಲಿ ಈಗಲೂ ಇದೆ. ಸೌತ್ ಆಸ್ಟ್ರೇಲಿಯಾದೊಳಗೆ ಮಾತ್ರ ಇವತ್ತಿನವರೆಗೆ ಕಾಲಿಟ್ಟಿಲ್ಲ. ಅದು ಬರೋದು ಶೂಗೆ ಅಂಟಿದ ಮಣ್ಣಿನಲ್ಲಿ. ನನ್ನ ಶೂ ನೋಡಿಕೊಂಡೆ. ಮೆಲ್ಬರ್ನ್ ಹಿತ್ತಲ ಮಣ್ಣು ಚೆನ್ನಾಗಿಯೇ ಅಂಟಿತ್ತು.

ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಇದು ವೆಜ್ಜಾ?" ನನಗೆ ನಾಚಿಕೆಯಾಯಿತು. ಆಮೇಲೆ ಗೊತ್ತಾಯಿತು, ಪ್ರಶ್ನೆ ಸರಿಯಾಗಿಯೇ ಇತ್ತು ಅಂತ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಅಲರ್ಜಿಯ ನಿಯಮದಂತೆ ಹಾಲು, ಮೊಟ್ಟೆ ಉಳಿದಿದ್ದರೆ ಇಲ್ಲಿ ಲೇಬಲ್ ಮೇಲೆ ಬರೆಯಬೇಕು. ಐಸಿಂಗ್ಲಾಸ್‌ಗೆ ಮಾತ್ರ ವಿನಾಯಿತಿ. ಹಾಗಾಗಿ ಸಸ್ಯಾಹಾರಿಗಳು ಬಾಟಲಿ ಓದಿ ಸುಮ್ಮನಾಗಬಾರದು, ಬಾಯಿಬಿಟ್ಟು ಕೇಳಬೇಕು. ಇವರು ಬಳಸೋದು ಬೆಂಟೊನೈಟ್ ಅನ್ನುವ ಜೇಡಿಮಣ್ಣು. "ಮಣ್ಣಾದ್ರೆ ಪರವಾಗಿಲ್ಲ" ಅಂತ ಹೆಂಡತಿ ಲೋಟ ಎತ್ತಿದಳು.

ಮೂರನೆಯದು ಹತ್ತು ವರ್ಷ ಹಳೆಯ ರೀಸ್ಲಿಂಗ್. ಅವಳು ಮೂಸಿ ಮುಖ ಸಿಂಡರಿಸಿದಳು. ನನ್ನ ಕಿವಿಯಲ್ಲಿ, "ಸೀಮೆಎಣ್ಣೆ ವಾಸನೆ ಬರ್ತಿದೆ ಕಣ್ರೀ, ಹೇಳೋದಾ ಬೇಡವಾ?" ಅಂದಳು. ನಾನು ಬೇಡ ಅಂದೆ. ಅವಳು ಹೇಳಿಯೇಬಿಟ್ಟಳು. ಯಜಮಾನಿಗೆ ಎಷ್ಟು ಖುಷಿಯಾಯಿತು ಅಂದರೆ, ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಬಾಟಲಿ ತಂದು ತೆಗೆದರು. ರೀಸ್ಲಿಂಗ್ ಹಳೆಯದಾದ ಹಾಗೆ ಪೆಟ್ರೋಲ್, ಸೀಮೆಎಣ್ಣೆಯಂಥ ವಾಸನೆ ಬರೋದೇ ಅದರ ಗುರುತಂತೆ. ನಾನು ಅದೇ ಲೋಟ ಮೂಸಿ "ಹೂವು, ಹಣ್ಣು" ಅಂತ ಪಟ್ಟಿಯಲ್ಲಿದ್ದದ್ದನ್ನೇ ಓದಿದ್ದೆ. ದಿನಾ ಸಾರಿಗೆ ಒಗ್ಗರಣೆ ಹಾಕುವ ಮೂಗಿಗೂ ಇಂಟರ್ನೆಟ್ ಓದಿಕೊಂಡು ಬಂದ ಮೂಗಿಗೂ ವ್ಯತ್ಯಾಸ ಇದೆ. ಆಮೇಲೆ ಇಡೀ ದಿನ ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ.

ಲ್ಯಾಂಗ್‌ಮೈಲ್‌ಗೆ ಹೋಗಿದ್ದು ಒಂದೇ ಕಾರಣಕ್ಕೆ. ಅಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳಿವೆ. ನೆಟ್ಟವನು ಕ್ರಿಶ್ಚಿಯನ್ ಆರಿಕ್ಟ್ ಎಂಬ ಕಮ್ಮಾರ. ಧರ್ಮದ ವಿಚಾರದಲ್ಲಿ ಪ್ರಷ್ಯದ ರಾಜನ ಕಾಟ ತಾಳಲಾರದೆ ಬಂದ ಲೂಥರನ್ ಜರ್ಮನ್ನರು ಬಾರೋಸಾದಲ್ಲಿ ಊರು ಕಟ್ಟಿದ್ದು 1842ರಿಂದ ಈಚೆಗೆ. ಇಲ್ಲಿನ ಚರ್ಚು, ಬೇಕರಿ, ಊರಿನ ಹೆಸರು ಎಲ್ಲದರಲ್ಲೂ ಜರ್ಮನ್ ವಾಸನೆ ಇದೆ. ಆ ಬಳ್ಳಿಗಳಿಂದ ಮಾಡುವ ವೈನ್‌ಗೆ 'ಫ್ರೀಡಂ' ಅಂತಲೇ ಹೆಸರಿಟ್ಟಿದ್ದಾರೆ. ಅದರ ಬೆಲೆ ಕೇಳಿ ಸುಮ್ಮನಾದೆವು. ಬಳ್ಳಿ ಅಂತ ಬಾಯಲ್ಲಿ ಅನ್ನುತ್ತೇವೆ, ನೋಡೋಕೆ ತಿರುಚಿಕೊಂಡ ಮುದಿ ಮರದ ಬೊಡ್ಡೆಯ ಹಾಗಿವೆ. ಯುರೋಪಿನಲ್ಲಿ ಹುಳಕ್ಕೆ ಹೆದರಿ ಅಮೆರಿಕದ ಬೇರಿಗೆ ಕಸಿ ಕಟ್ಟುತ್ತಾರೆ. ಇವು ತಮ್ಮ ಸ್ವಂತ ಬೇರಿನ ಮೇಲೇ ನಿಂತಿವೆ. ಲೋಕದಲ್ಲಿ ಉಳಿದಿರುವ ಅತಿ ಹಳೆಯ ಶಿರಾಜ್ ಬಳ್ಳಿಗಳ ಸಾಲಿಗೆ ಸೇರುವಂಥವು. ಬಾರೋಸಾದವರು ಬಳ್ಳಿಗಳಿಗೆ ವಯಸ್ಸಿನ ಪದವಿಯನ್ನೂ ಕೊಟ್ಟಿದ್ದಾರೆ. 35 ದಾಟಿದರೆ ಹಳೆಯದು, 70 ದಾಟಿದರೆ ಬದುಕುಳಿದದ್ದು, 100 ದಾಟಿದರೆ ಶತಾಯುಷಿ, 125 ದಾಟಿದರೆ ಪೂರ್ವಜ.

ಹುಳ ತಿನ್ನದ್ದನ್ನು ಮನುಷ್ಯರೇ ಕಿತ್ತ ಕಥೆಯೂ ಇದೆ. 1980ರ ದಶಕದಲ್ಲಿ ದ್ರಾಕ್ಷಿ ಜಾಸ್ತಿಯಾಗಿ ಬೆಲೆ ಬಿದ್ದಾಗ, ಬಳ್ಳಿ ಕಿತ್ತುಹಾಕಿದವರಿಗೆ ಸರ್ಕಾರವೇ ಹಣ ಕೊಟ್ಟಿತು. ಎಷ್ಟೋ ಹಳೆಯ ಶಿರಾಜ್ ತೋಟಗಳು ಆಗ ಹೋದವು. ಈಗ ಅಂಥ ಬಳ್ಳಿಗೇ ಹೆಚ್ಚು ಬೆಲೆ. ಇದನ್ನು ಮಾವನಿಗೆ ಹೇಳಬೇಕು ಅಂದುಕೊಂಡೆ.

ಮೂರನೆಯದರ ಬಗ್ಗೆ ನಾನು ಬೇಕಾದಷ್ಟು ಬರೆಯಬಲ್ಲೆ. ಸೆಪೆಲ್ಟ್ಸ್‌ಫೀಲ್ಡ್‌ಗೆ ಹೋಗುವ ರಸ್ತೆಯ ಎರಡೂ ಕಡೆ ಖರ್ಜೂರದ ಮರಗಳು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸಗಾರರು ನೆಟ್ಟದ್ದು, ಎರಡು ಸಾವಿರಕ್ಕೂ ಹೆಚ್ಚು ಇವೆ. 1878ರಲ್ಲಿ ಬೆನ್ನೊ ಸೆಪೆಲ್ಟ್ ಹೊಸ ಉಗ್ರಾಣ ಕಟ್ಟಿದ ನೆನಪಿಗೆ ಟಾನಿ ಅನ್ನುವ ಸಿಹಿ ವೈನ್ ಒಂದು ದೊಡ್ಡ ಪೀಪಾಯಿ ತೆಗೆದಿಟ್ಟು, ನೂರು ವರ್ಷ ಯಾರೂ ಮುಟ್ಟಬಾರದು ಅಂದ. ಆಮೇಲೆ ಪ್ರತಿ ವರ್ಷವೂ ಹಾಗೇ ಇಟ್ಟುಕೊಂಡು ಬಂದಿದ್ದಾರೆ, ಒಂದು ವರ್ಷವೂ ತಪ್ಪಿಲ್ಲ. ಹಾಗಾಗಿ ನೀವು ಹುಟ್ಟಿದ ವರ್ಷದ ಪೀಪಾಯಿಯೂ ಅಲ್ಲಿರುತ್ತದೆ. ಮೊದಲೇ ಬುಕ್ ಮಾಡಿ ಹೋದರೆ ಅದರಿಂದ ಒಂದು ಗುಟುಕು ಕೊಡುತ್ತಾರೆ. ಅಗ್ಗವಲ್ಲ. ಆದರೆ ಮೂರೇ ಕಡೆ ಹೋಗಿದ್ದರಿಂದ ಇದಕ್ಕೆ ದುಡ್ಡು ಉಳಿದಿತ್ತು.

ನನ್ನದು 1983, ಅವಳದು 1986. ವರ್ಷ ಕಳೆದ ಹಾಗೆ ನೀರು, ಆಲ್ಕೋಹಾಲ್ ಮರದ ಮೂಲಕ ಆವಿಯಾಗಿ ಉಳಿದದ್ದು ಗಟ್ಟಿಯಾಗುತ್ತದೆ. ಲೋಟ ವಾಲಿಸಿದರೆ ಗಾಜಿಗೆ ಕಂದು ಬಣ್ಣ ಅಂಟಿಕೊಂಡು ನಿಂತಿತು. ಅವಳು ಸ್ವಲ್ಪ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಜೋನಿ ಬೆಲ್ಲ" ಅಂದಳು. ಸ್ವಲ್ಪ ತಡೆದು, "ತಳ ಹಿಡಿದ ಜೋನಿ ಬೆಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸೋದು ತಡ ಆದ್ರೆ ಬರುತ್ತಲ್ಲ, ಅದು." ನಾನು ಮೈಸೂರಿನವನು, ಆಲೆಮನೆ ಕಂಡವನಲ್ಲ. ಆದರೂ ಬರೆದುಕೊಂಡೆ. ಮೂರೂ ಕಡೆ ಸೇರಿ ನಾನು ಉಗುಳದೆ ನುಂಗಿದ್ದು ಇದೊಂದೇ.

ಸಂಜೆ ಟನುಂಡಾದ ಬಾಡಿಗೆ ಮನೆಯಲ್ಲಿ ಅವಳು ಚಿತ್ರಾನ್ನ ಮಾಡಿದಳು. ನಿಂಬೆಹಣ್ಣು, ಮೆಣಸಿನಕಾಯಿ ಅದಕ್ಕೇ ತಂದಿದ್ದು. ಮೊದಲು ಶಿರಾಜ್ ಜೊತೆ ತಿಂದು ನೋಡಿದೆವು. ಬಾಯಿ ಉರಿದುಹೋಯಿತು. ಆಲ್ಕೋಹಾಲ್ ಮತ್ತು ಒಗರು ಎರಡೂ ಸೇರಿ ಖಾರವನ್ನು ಎತ್ತಿಕಟ್ಟುತ್ತವೆ. ಆಮೇಲೆ ಬೆಳಗಿನ ಮನೆಯಿಂದ ತಂದ ಎಳೆಯ ರೀಸ್ಲಿಂಗ್ ತೆರೆದೆವು. ಅದರ ಹುಳಿ ಚಿತ್ರಾನ್ನದ ಹುಳಿಗೆ ಹೊಂದಿಕೊಂಡು ಬಾಯಿ ತೊಳೆದ ಹಾಗಾಯಿತು. ದೊಡ್ಡ ಹೋಟೆಲಿನ ಊಟಕ್ಕೆ ಹೋಗದೆ ಉಳಿದದ್ದಕ್ಕೆ ಒಂದಿಷ್ಟೂ ಬೇಸರವಾಗಲಿಲ್ಲ.

ಭಾನುವಾರ ವೈನ್ ಇಲ್ಲ. ವಿಲಿಯಮ್ಸ್‌ಟೌನ್ ಹತ್ತಿರದ ಪಿಸುಗೋಡೆಗೆ ಹೋದೆವು. ಬಾರೋಸಾ ಜಲಾಶಯದ ಬಾಗಿದ ಅಣೆಕಟ್ಟು ಅದು, ಕಟ್ಟಿ ಮುಗಿದದ್ದು ಸುಮಾರು 1902ರಲ್ಲಿ. ಒಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ದನಿ ಬಾಗಿದ ಗೋಡೆ ಹಿಡಿದು ಸುಮಾರು 140 ಮೀಟರ್ ಆಚೆ ಇನ್ನೊಂದು ತುದಿಗೆ ಕೇಳುತ್ತದೆ. ನಾನು ಆ ತುದಿಗೆ ನಡೆದುಹೋಗಿ ಕಿವಿ ಇಟ್ಟೆ. ಹದಿನೈದು ವರ್ಷದ ದಾಂಪತ್ಯದ ಬಗ್ಗೆ ಏನಾದರೂ ಸಿಹಿ ಮಾತು ಬರಬಹುದು ಅಂತ ಕಾದೆ. "ಕಾರ್ ಲಾಕ್ ಮಾಡಿದ್ರಾ?" ಅಂತ ಕೇಳಿಸಿತು. ಬಹಳ ಸ್ಪಷ್ಟವಾಗಿ. ಮಾಡಿರಲಿಲ್ಲ.

ವಾಪಸ್ ಬರುವಾಗ ಹಾನ್‌ಡಾರ್ಫ್ ನೋಡಿದೆವು. 1839ರ ಜರ್ಮನ್ ಹಳ್ಳಿ, ಜನರನ್ನು ಕರೆತಂದ ಹಡಗಿನ ಕ್ಯಾಪ್ಟನ್ ಹಾನ್ ಹೆಸರು. ಈಗ ಪೂರಾ ಪ್ರವಾಸಿಗರ ಬೀದಿ, ಭಾನುವಾರ ಗಾಡಿ ನಿಲ್ಲಿಸೋಕೆ ಜಾಗ ಸಿಗೋದೇ ಕಷ್ಟ. ಒಂದು ಕಾಫಿಗೆ ಸಾಕು.

ದೇಶದೊಳಗಿನ ವಿಮಾನದಲ್ಲಿ ದ್ರವಕ್ಕೆ 100 ಮಿಲಿ ಮಿತಿ ಇಲ್ಲ. ಹಾಗಾಗಿ ನಾಲ್ಕು ಬಾಟಲಿಯನ್ನೂ ಕೈಚೀಲದಲ್ಲೇ ತಂದೆವು. ಭಾರತಕ್ಕೆ ಒಯ್ಯುವವರಿಗೆ ತಲಾ ಎರಡು ಲೀಟರ್ ಮಾತ್ರ ಸುಂಕವಿಲ್ಲದೆ ಬಿಡುತ್ತಾರೆ, ಅಂದರೆ ಎರಡು ಬಾಟಲಿ. ಒಂದೇ ಕಡೆ 300 ಡಾಲರ್ ಅಥವಾ ಹೆಚ್ಚು ಖರೀದಿಸಿದ್ದರೆ ದೇಶ ಬಿಡುವಾಗ ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಕೇಳಬಹುದು. ಜಿಎಸ್‌ಟಿ ಜೊತೆಗೆ ವೈನ್ ತೆರಿಗೆಯೂ ಸಿಗುತ್ತದೆ. ಬಾಟಲಿ ದೊಡ್ಡ ಲಗೇಜಿಗೆ ಹೋಗುವುದಾದರೆ ಚೆಕ್-ಇನ್‌ಗೆ ಮುಂಚೆಯೇ ಅಧಿಕಾರಿಗಳಿಗೆ ತೋರಿಸಬೇಕು. ಇದನ್ನು ಮರೆತು ಪೇಚಾಡಿದ ಸ್ನೇಹಿತರು ನಮಗಿದ್ದಾರೆ.

ಮನೆಗೆ ಬಂದ ಮೇಲೆ ಮಾವನಿಗೆ ಹುಳದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, "ನಮ್ಮ ಅಡಿಕೆಯ ಬೇರುಹುಳ ಇದ್ದ ಹಾಗೆ" ಅಂದರು. "ಅಷ್ಟು ಹಳೆ ಬಳ್ಳಿಯಲ್ಲಿ ಇಳುವರಿ ಎಷ್ಟು ಬರುತ್ತಂತೆ?" ಕಡಿಮೆ, ಆದರೆ ಹಣ್ಣಿಗೆ ರುಚಿ ಹೆಚ್ಚು ಅಂತಾರೆ ಅಂದೆ. "ಹಾಗಂತ ಹೇಳಿಯೇ ಮಾರಬೇಕು, ಪಾಪ" ಅಂದರು.

ನಾಲ್ಕರಲ್ಲಿ ಒಂದು ಶಿರಾಜ್ ಬಾಟಲಿಯನ್ನು ಇಪ್ಪತ್ತನೇ ವಾರ್ಷಿಕೋತ್ಸವಕ್ಕೆ ಅಂತ ಎತ್ತಿಟ್ಟಿದ್ದೇವೆ. ಉಪ್ಪಿನಕಾಯಿ ಭರಣಿಗಳ ಹಿಂದಿನ ತಂಪು ಮೂಲೆಯಲ್ಲಿ ನಾನು ಅದನ್ನು ಮಲಗಿಸಿ ಇಡುತ್ತೇನೆ. ಸೋರಿದರೆ ಅಂತ ಅತ್ತೆ ಎತ್ತಿ ನಿಲ್ಲಿಸುತ್ತಾರೆ. ಮತ್ತೆ ನಾನು ಮಲಗಿಸುತ್ತೇನೆ. ಮೊನ್ನೆ ಹೆಂಡತಿ ಬಾಟಲಿಯ ಕತ್ತು ತೋರಿಸಿದಳು. ಮಲಗಿಸೋದು ಕಾರ್ಕ್ ಒಣಗದಿರಲಿ ಅಂತ. ಇದಕ್ಕೆ ಇಲ್ಲಿನ ಹೆಚ್ಚಿನ ಬಾಟಲಿಗಳ ಹಾಗೆ ತಿರುಗಿಸುವ ಮುಚ್ಚಳ. ನಿಲ್ಲಿಸಿದರೂ ಏನೂ ಆಗೋದಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ.