ಹೊಸದಾಗಿ ಪತ್ತೆಯಾದ ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಲನೆಗೆ ಸಂಬಂಧಿಸದ ಲಕ್ಷಣಗಳನ್ನು ಅಧ್ಯಯನ ಮಾಡುವ ಕ್ರಮ

ತೀರ್ಥಹಳ್ಳಿ ಅಥವಾ ಹೊಸನಗರದ ಕಡೆಯ ಕೃಷಿಕರೊಬ್ಬರು ಶಿವಮೊಗ್ಗದ ಆಸ್ಪತ್ರೆಗೆ ಬರುವುದು ಕೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ ಎಂಬ ಕಾರಣಕ್ಕೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಇವೆಲ್ಲ ವರ್ಷಗಳ ಹಿಂದೆಯೇ ಶುರುವಾಗಿದ್ದರೂ ಅವರು ಅದನ್ನು ಹೇಳುವುದಿಲ್ಲ, ಏಕೆಂದರೆ ಅವು ಇದೇ ಕಾಯಿಲೆಗೆ ಸೇರಿದವೆಂದು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಆದ್ದರಿಂದ ಈ ಅಧ್ಯಯನದ ಯಶಸ್ಸು ಕೇಳುವ ಕ್ರಮವನ್ನೇ ಅವಲಂಬಿಸಿದೆ.

ನೈತಿಕ ಸಮಿತಿಯ ಒಪ್ಪಿಗೆ ದೊರೆತ ಮೇಲೆ, ಅಂತರರಾಷ್ಟ್ರೀಯ ಚಲನ ದೋಷ ಸಂಘದ 2015ರ ಮಾನದಂಡದಂತೆ ರೋಗನಿರ್ಣಯವಾದ, ಈ ಕಾಯಿಲೆಯ ಮುಖ್ಯ ಔಷಧಿಯಾದ ಲೆವೊಡೋಪವನ್ನು ಇನ್ನೂ ಆರಂಭಿಸದ ರೋಗಿಗಳನ್ನು ಆರಿಸಿಕೊಳ್ಳಿ. ಕಾಯಿಲೆಯ ಮಾತ್ರೆಗಳೇ ರಕ್ತದೊತ್ತಡ ಇಳಿಸಬಲ್ಲವು, ಹಗಲು ತೂಕಡಿಕೆ ತರಬಲ್ಲವು. ಔಷಧಿ ಶುರುವಾದ ಮೇಲೆ ಯಾವುದು ಕಾಯಿಲೆಯದು, ಯಾವುದು ಮಾತ್ರೆಯದು ಎಂದು ಬೇರ್ಪಡಿಸುವುದು ಕಷ್ಟ. ಹಾಗೆಂದು ಅಧ್ಯಯನಕ್ಕಾಗಿ ಯಾರ ಚಿಕಿತ್ಸೆಯನ್ನೂ ಮುಂದೂಡಬಾರದು. ಮೊದಲ ಭೇಟಿಯಲ್ಲೇ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕು. ತಲೆಸುತ್ತಿಗೆಂದು ಸಿನ್ನರಿಜಿನ್ ಅಥವಾ ಫ್ಲುನರಿಜಿನ್ ದೀರ್ಘಕಾಲ ಸೇವಿಸಿದವರಲ್ಲಿ ಇಂತಹುದೇ ನಡುಕ, ಬಿಗಿತ ಬರಬಹುದಾದ್ದರಿಂದ ಹಳೆಯ ಚೀಟಿಗಳನ್ನು ತರಿಸಿ ನೋಡಿ.

ಲಕ್ಷಣಗಳ ಇರುವಿಕೆಯನ್ನು ಗುರುತಿಸಲು ಹೌದು, ಇಲ್ಲ ಎಂದು ಉತ್ತರಿಸುವ 30 ಪ್ರಶ್ನೆಗಳ ಪಟ್ಟಿಯಾದ ಎನ್‌ಎಂಎಸ್‌ಕ್ವೆಸ್ಟ್ ಸಾಕು. ತೀವ್ರತೆ ಅಳೆಯಲು ಬೇರೆ ಮಾಪಕ ಬೇಕು. ಪಾರ್ಕಿನ್ಸನ್ ಕಾಯಿಲೆಯ ತೀವ್ರತೆಗೆ ಅಂಕ ಕೊಡುವ ಮಾಪಕವಾದ ಎಂಡಿಎಸ್-ಯುಪಿಡಿಆರ್‌ಎಸ್‌ನ ಮೊದಲ ಭಾಗದ 13 ಅಂಶಗಳು ಅದಕ್ಕೆ ಹೊಂದುತ್ತವೆ. ಓದು ಬಾರದವರಿಗೆ ಪ್ರಶ್ನೆಯನ್ನು ಎಲ್ಲರೂ ಒಂದೇ ಮಾತಿನಲ್ಲಿ ಓದಿ ಹೇಳಬೇಕು. "ಖಿನ್ನತೆ ಇದೆಯೇ" ಎಂದರೆ ಇಲ್ಲವೆನ್ನುವವರು "ಮನಸ್ಸಿಗೆ ಬೇಜಾರಾಗುತ್ತದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲವೇ" ಎಂದು ಕೇಳಿದಾಗ ಬಾಯಿಬಿಡುತ್ತಾರೆ. ಇಂತಹ ಪದಗಳನ್ನು ಅಧ್ಯಯನಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ. ಬದುಕು ಬೇಡವೆನಿಸಿದೆ ಎಂದು ಯಾರಾದರೂ ಹೇಳಿದರೆ ಅಂದೇ ಮನೋವೈದ್ಯರಿಗೆ ತೋರಿಸಬೇಕು.

ವಾಸನೆಯ ಪರೀಕ್ಷೆಗೆ ನಮ್ಮಲ್ಲಿ ಹೆಚ್ಚಿನ ಎಚ್ಚರ ಬೇಕು. ವಿದೇಶಿ ಪರೀಕ್ಷಾ ಪೆಟ್ಟಿಗೆಯಲ್ಲಿರುವ ಕೆಲವು ವಾಸನೆಗಳು ಮಲೆನಾಡಿನ ಹಿರಿಯರಿಗೆ ಪರಿಚಯವೇ ಇರುವುದಿಲ್ಲ. ಗುರುತಿಸದಿರುವುದಕ್ಕೂ ವಾಸನೆ ಬಾರದಿರುವುದಕ್ಕೂ ವ್ಯತ್ಯಾಸವಿದೆ. ಕಾಫಿ, ಏಲಕ್ಕಿ, ಹಲಸಿನ ಹಣ್ಣಿನಂತಹ ಪರಿಚಿತ ವಾಸನೆಗಳನ್ನು ಬಳಸುವುದಾದರೆ, ಮೊದಲು ಅವನ್ನು ಆರೋಗ್ಯವಂತ ಸಮವಯಸ್ಕರಲ್ಲಿ ಪರೀಕ್ಷಿಸಿ ನೋಡಬೇಕು. ನೆಗಡಿ, ನಶ್ಯದ ಅಭ್ಯಾಸ, ಬೀಡಿ, ಹಿಂದೆ ಬಂದ ಕೋವಿಡ್ ಇವನ್ನು ದಾಖಲಿಸಿ. ಕವಳ ಹಾಕುವವರನ್ನು ಪ್ರತ್ಯೇಕವಾಗಿ ಗುರುತಿಸಿ: ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಜೊಲ್ಲನ್ನೂ ಕರುಳಿನ ಚಲನೆಯನ್ನೂ ಹೆಚ್ಚಿಸಬಲ್ಲದಾದ್ದರಿಂದ ಜೊಲ್ಲು ಮತ್ತು ಮಲಬದ್ಧತೆಯ ಉತ್ತರಗಳು ಅದರಿಂದ ಏರುಪೇರಾಗಬಹುದು.

ರಕ್ತದೊತ್ತಡವನ್ನು 5 ನಿಮಿಷ ಮಲಗಿಸಿದ ಮೇಲೆ, ನಂತರ ನಿಂತ 1 ಮತ್ತು 3ನೇ ನಿಮಿಷಕ್ಕೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಣನೀಯ. ನಸುಕಿನ ಬಸ್ಸು ಹಿಡಿದು ಏನೂ ತಿನ್ನದೆ ಬಂದವರಿಗೆ ನೀರು, ತಿಂಡಿ, ವಿಶ್ರಾಂತಿ ಕೊಟ್ಟು, ಅಳತೆಗೂ ಊಟತಿಂಡಿಗೂ ನಡುವಿನ ಅಂತರವನ್ನು ಎಲ್ಲರಲ್ಲೂ ಒಂದೇ ಆಗಿರಿಸಿ. ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವ ಕನಸಿನ ನಡವಳಿಕೆಯ ಬಗ್ಗೆ ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಆಗದಿದ್ದಲ್ಲಿ "ಸಂಭಾವ್ಯ" ಎಂದಷ್ಟೇ ಬರೆಯಿರಿ.

ಹೋಲಿಕೆಗೆ ಅದೇ ಊರಿನ, ಅದೇ ವಯಸ್ಸು ಮತ್ತು ಲಿಂಗದ ಆರೋಗ್ಯವಂತರು ಬೇಕು. ಮಲಬದ್ಧತೆ, ರಾತ್ರಿ ಮೂತ್ರಕ್ಕೆ ಏಳುವುದು ವಯಸ್ಸಾದವರಲ್ಲಿ ಸಾಮಾನ್ಯವಾದ್ದರಿಂದ ಈ ಗುಂಪಿಲ್ಲದೆ ಶೇಕಡಾವಾರು ಅಂಕಿಗಳಿಗೆ ಅರ್ಥವಿರುವುದಿಲ್ಲ. ಮರುಭೇಟಿಯನ್ನು ಆಷಾಢದ ಮಳೆಗೂ ಅಡಿಕೆ ಕೊಯ್ಲಿಗೂ ಸಿಗದಂತೆ ಇಟ್ಟುಕೊಂಡು, ಬರಲಾಗದವರನ್ನು ಫೋನಿನಲ್ಲಿ ವಿಚಾರಿಸಿ, ಆ ಉತ್ತರಗಳನ್ನು ಬೇರೆಯಾಗಿ ಗುರುತುಮಾಡಿಡಿ.