ಒಳ್ಳೆ ಕೈ ಕಟ್ಟಿಹಾಕಿದೆ, ಬಿದ್ದ ಕೈ ಎದ್ದಿತು

ಅಮ್ಮನಿಗೆ ಲಕ್ವ ಹೊಡೆದು ಆರು ತಿಂಗಳಾದಾಗ ನೆಂಟರೆಲ್ಲ ತೀರ್ಪು ಕೊಟ್ಟಾಗಿತ್ತು. "ಬಂದಷ್ಟು ಬಂತು, ಇನ್ನು ಆ ಕೈ ಆಸೆ ಬಿಡು." ಈಗ ಹದಿನಾಲ್ಕು ತಿಂಗಳು. ನಮ್ಮನೆ ದೇವರ ದೀಪಕ್ಕೆ ಅದೇ ಬಲಗೈ ಹೊಸೆದ ಬತ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂಗಿನ ಕೊಳವೆ, ಡೈಪರ್, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಇವನ್ನೆಲ್ಲ ಮನೆಯಲ್ಲಿ ಮಾಡಿದವರಿಗೆ ನಾನೇನು ಹೇಳುವುದು?

ರಾತ್ರಿ ಬಾಯಿ ಸೊಟ್ಟಗಾದಾಗ ಪಿತ್ತ ಎಂದು ಮಲಗಿಸಿದ್ದು ನಾವೇ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿ.ಮೀ. ಮುಟ್ಟುವಾಗ ಬೆಳಗಾಗಿತ್ತು, ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಯಾವತ್ತೋ ದಾಟಿತ್ತು. ಪೆಟ್ಟು ಎಡಮೆದುಳಿಗೆ. ಬಲಭಾಗವೂ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಗೆ ಸುಮಾರು 2.75 ಲಕ್ಷ, ಅರ್ಧ ಸೊಸೈಟಿ ಸಾಲ.

ಆಮೇಲೆ ಹಾಳು ಮಾಡಿದ ದುಡ್ಡಿನ ಲೆಕ್ಕ. ಯಾರೋ ಹೇಳಿದ ಎಣ್ಣೆಗೆ 18 ಸಾವಿರ. ಪಾರಿವಾಳದ ರಕ್ತ ಹಚ್ಚು ಎಂದ ದೊಡ್ಡಪ್ಪನನ್ನು ಕಾಫಿ ಕೊಟ್ಟು ಕಳಿಸಿದೆ. ಕೈಯಲ್ಲಿ ಹಿಚುಕಲು 60 ರೂಪಾಯಿಯ ಸ್ಪಂಜಿನ ಚೆಂಡು ತಂದೆ. ಅದರಿಂದ ಮುಷ್ಟಿ ಇನ್ನೂ ಬಿಗಿಯಾಯಿತು, ಬೆರಳು ಬಿಡಿಸುವುದೇ ದೊಡ್ಡ ಕೆಲಸವಾಯಿತು. ನಾನು ಮೋಟಾರ್ ವೈಂಡಿಂಗ್ ಮಾಡುವವನು, ಕರೆಂಟೆಂದರೆ ನನ್ನ ಹತ್ತಿರ ಎಂಬ ಜಂಬದಲ್ಲಿ ಮೂರೂವರೆ ಸಾವಿರದ ಶಾಕ್ ಕೊಡುವ ಪೆಟ್ಟಿಗೆ ಕೊಂಡೆ. ಬೆರಳು ಕುಣಿಯುತ್ತಿದ್ದವು, ಆರಿಸಿದರೆ ಮತ್ತೆ ಮಲಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ತಪ್ಪು ಆ ಕೈ ಹಿಡಿದೇ ಅವಳನ್ನು ಎಬ್ಬಿಸುತ್ತಿದ್ದದ್ದು. ಭುಜದ ಕೀಲು ಸಡಿಲಾಗಿ ಎರಡು ತಿಂಗಳು ರಾತ್ರಿಯೆಲ್ಲ ನರಳಿದಳು. ದಯವಿಟ್ಟು ರಟ್ಟೆ ಹಿಡಿದು ಎಳೆಯಬೇಡಿ.

ಫಿಸಿಯೋದವರು ಸಲಕ್ಕೆ 400 ರೂಪಾಯಿಯಂತೆ ಬರುತ್ತಿದ್ದರು. ಒಳ್ಳೆಯವರೇ, ಆದರೆ ಗಾಳಿಯಲ್ಲಿ ಕೈ ಎತ್ತಿ ಇಳಿಸುವುದು ಅಮ್ಮನಿಗೆ ಸೇರಲಿಲ್ಲ. ಅವರು ಹೋದ ಮೇಲೆ ಎಲ್ಲಕ್ಕೂ ಎಡಗೈಯೇ. ಒಳ್ಳೆ ಕೈಯೇ ಬಿದ್ದ ಕೈಯನ್ನು ಸೋಮಾರಿ ಮಾಡುತ್ತಿದೆ ಅಂತ ನನಗೆ ಆಗ ಹೊಳೆಯಿತು. ಅಂಗಡಿಯಲ್ಲಿ ಮೂರು ಫೇಸಿನ ಕರೆಂಟಿನಲ್ಲಿ ಒಂದು ಹೋದರೂ ಉಳಿದೆರಡರ ಮೇಲೆ ಮೋಟಾರ್ ಎಳೆಯುತ್ತಿರುತ್ತದಲ್ಲ, ಹಾಗೆ. ಒಳ್ಳೆ ಕೈಯನ್ನೇ ಕಟ್ಟಿಹಾಕಿದರೆ ಹೇಗೆ ಎಂದು ಫಿಸಿಯೋದವರನ್ನು ಕೇಳಿದರೆ ಅದೇನು ಹೊಸದಲ್ಲವಂತೆ. ಬೆರಳು, ಮಣಿಕಟ್ಟು ಒಂಚೂರಾದರೂ ತಾವಾಗಿ ಮೇಲೇಳಬೇಕು, ಇಲ್ಲದಿದ್ದರೆ ಕಟ್ಟಿ ಪ್ರಯೋಜನವಿಲ್ಲ ಎಂದರು. "ಆದರೆ ಈ ವಯಸ್ಸಿಗೆ ಅವರು ಸಹಿಸಲ್ಲ" ಎಂದೂ ಸೇರಿಸಿದರು.

ಏಳನೇ ತಿಂಗಳಲ್ಲಿ ಹೆಬ್ಬೆರಳು ಮತ್ತು ಎರಡು ಬೆರಳು ಕೂದಲೆಳೆಯಷ್ಟು ಎದ್ದವು. ಮಾರನೇ ದಿನವೇ ಎಡಗೈಗೆ ನನ್ನ ದಪ್ಪ ಕಾಲುಚೀಲ ಹಾಕಿದೆ. ಬೆಳಿಗ್ಗೆ ಒಂದೂವರೆ ತಾಸು, ಮಧ್ಯಾಹ್ನ ಒಂದು ತಾಸು, ಕೂತಾಗ ಮಾತ್ರ. ನಡೆಯುವಾಗ ಬಿಚ್ಚಲೇಬೇಕು, ಬಿದ್ದರೆ ಊರಲು ಕೈ ಬೇಕಲ್ಲ. ಅವಳೇ ಹಲ್ಲಿನಿಂದ ಬಿಚ್ಚಿಕೊಳ್ಳದ ಹಾಗೆ ಅದನ್ನು ಹೇಗೆ ಕಟ್ಟಿದೆ ಅಂತ ಹೇಳಲ್ಲ. ಇದನ್ನು ಅವಳೂ ಓದಿಸಿಕೊಂಡು ಕೇಳುತ್ತಾಳೆ.

ವ್ಯಾಯಾಮದ ಬದಲು ಅವಳ ಕೆಲಸವನ್ನೇ ಎದುರಿಗಿಟ್ಟೆ. ಮಣೆ, ಹತ್ತಿ, ವಿಭೂತಿ. ಹತ್ತಿಯ ಎಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ಉಜ್ಜಬೇಕು. ಅಂಗೈ ಬಿಚ್ಚುತ್ತಿರಲಿಲ್ಲ, ಗೆಣ್ಣಿನಲ್ಲೇ ಉಜ್ಜಿದಳು. ಕೈ ಜಾರಿ ಮಣೆಗೆ ಬಡಿಯಿತು. ತುಟಿಯ ತುದಿಯಲ್ಲಿ ಜೊಲ್ಲು ಇಳಿಯುತ್ತಿತ್ತು, ಒರೆಸಲು ಹೋದರೆ ತಲೆ ಕೊಡವಿದಳು. ನಲವತ್ತು ನಿಮಿಷಕ್ಕೆ ಒಂದು ಬತ್ತಿ, ಅದೂ ಕಂಬಳಿಹುಳದ ಹಾಗೆ. ಬೆಳಕಿಗೆ ಹಿಡಿದು ನೋಡಿ, ಬಿಸಾಡಿ, ಮತ್ತೊಂದು ಎಳೆಗೆ ಕೈ ಚಾಚಿದಳು. ಸಾಕು ಎಂದು ನಾನು ಎದ್ದೆ, ಅವಳು ಏಳಲಿಲ್ಲ. ಎರಡು ವಾರಕ್ಕೆ ದಿನಕ್ಕೆ ಹತ್ತೋ ಹನ್ನೆರಡೋ, ಮೂರು ತಿಂಗಳಿಗೆ ಗೆಜ್ಜೆವಸ್ತ್ರದ ತನಕ. ಹತ್ತಿಯ ಖರ್ಚು ತಿಂಗಳಿಗೆ 150 ದಾಟಲಿಲ್ಲ.

ಮಾತಿನದು ಬೇರೆ ಕತೆ. ನನ್ನ ಹೆಸರು ಬರುವ ಮೊದಲು ಬಂದ ಶಬ್ದ "ಹಾಳಾದ್ದು!" ಕಾಲುಚೀಲಕ್ಕೇ ಇರಬೇಕು. ಎಷ್ಟು ಇಡ್ಲಿ ಎಂದರೆ "ಮೂರು" ಬರುವುದಿಲ್ಲ, "ಒಂದು, ಎರಡು, ಮೂರು" ಎಂದು ಎಣಿಸಿ ಅಲ್ಲಿ ನಿಲ್ಲುತ್ತಾಳೆ. ನೀರು ಎನ್ನಲು ಬಾರದವಳು ಆರತಿ ಹಾಡನ್ನು ಚಿಕ್ಕಮ್ಮನ ಜೊತೆ ಪೂರ್ತಿ ಹಾಡಿದಳು. ಅದೇ ಧಾಟಿಯಲ್ಲಿ "ನೀರು ಬೇಕು" ಸೇರಿಸಿ ಹಾಡಿಸಿದೆವು. ಹತ್ತು ದಿನಕ್ಕೆ ರಾಗ ಉದುರಿ ಮಾತು ಉಳಿಯಿತು.

ನಡುವೆ ಕನ್ನಡಿಯ ಪ್ರಯೋಗವನ್ನೂ ಮಾಡಿದೆ, ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರದ್ದು. ಪ್ಲೈವುಡ್ ಚೂರಿಗೆ ಹಳೇ ಕನ್ನಡಿ ಅಂಟಿಸಿ ಅದರ ಹಿಂದೆ ಬಲಗೈ ಇಡಿಸಿದೆ. ಎಡಗೈ ಆಡಿಸಿದರೆ ಕನ್ನಡಿಯಲ್ಲಿ ಬಲಗೈ ಆಡಿದಂತೆ ಕಾಣುತ್ತದೆ. ಅಮ್ಮ ಕನ್ನಡಿಯ ಹಿಂದೆ ಇಣುಕಿ ನೋಡಿ ನಕ್ಕುಬಿಟ್ಟಳು. ನಾಲ್ಕು ದಿನವಾದ ಮೇಲೆ ಆ ಕನ್ನಡಿಯಲ್ಲಿ ಬೈತಲೆ ತೆಗೆದುಕೊಳ್ಳುತ್ತಿದ್ದಳು, ಬಲಗೈಯಲ್ಲೇ. ಅದೂ ಲಾಭವೇ.

ಉಂಗುರದ ಬೆರಳು ಇನ್ನೂ ನೆಟ್ಟಗಾಗಿಲ್ಲ. ಚಳಿಗೆ ಕೈ ಬಿಗಿಯುತ್ತದೆ. ಮೊನ್ನೆ ಅಂಗಡಿಯಿಂದ ಬಂದು ನೋಡಿದರೆ ಅಡಿಕೆ ಸುಲಿಯುವವರ ಸಾಲಿನ ತುದಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದಾಳೆ! ರಕ್ತ ತೆಳುವಾಗುವ ಮಾತ್ರೆ ನುಂಗುವವಳು. "ಏಳಮ್ಮ, ಕೊಯ್ದುಕೊಂಡರೆ ರಕ್ತ ನಿಲ್ಲಲ್ಲ" ಎಂದು ಕೂಗಿದೆ. ತಿರುಗಿ ನೋಡಲಿಲ್ಲ. ಸುಲಿದದ್ದನ್ನು ಲೆಕ್ಕಕ್ಕೆ ಅಳೆಯುವ ಡಬ್ಬ ಪಕ್ಕದಲ್ಲಿ ಅರ್ಧ ತುಂಬಿತ್ತು. ಅದನ್ನು ಕಾಲಿನಿಂದ ನನ್ನತ್ತ ತಳ್ಳಿ, ಎಣಿಸದೆ, ಹಾಡದೆ, ನೇರ ಹೇಳಿದಳು: "ಬರ್ಕೊ ಮಾಣಿ. ಅರ್ಧ."