ಸಿಗದೇ ಹೋದ ಎರಡು ಕಂತು

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜು ಮುಗಿದು 15 ಕೆಜಿ ಬಾಕ್ಸುಗಳು ಲಾರಿ ಏರುವಾಗ, ರೈತರ ಪಟ್ಟಿ ಬರೆಯಲು ಕೂರುವ ಮೊದಲು, ಅರ್ಧ ಗಂಟೆ ಬಿಡುವು ಸಿಗುತ್ತದೆ. ಲೆಕ್ಕದ ಪುಸ್ತಕದ ಕೆಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡಿರುತ್ತೇನೆ. 20 ವರ್ಷದಿಂದ ಅದು ಹೆಚ್ಚುಕಮ್ಮಿ ಯಾವಾಗಲೂ ಐತಿಹಾಸಿಕ ಕಾದಂಬರಿಯೇ. ಅದರಲ್ಲೂ ಕೋಟೆ, ಮುತ್ತಿಗೆ, ಗುಟ್ಟಿನ ಓಲೆ, ಒಬ್ಬರಿಗೊಬ್ಬರು ಸಿಗಲಾರದ ಹುಡುಗ ಹುಡುಗಿ, ಎಲ್ಲ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡಿರುವ ಕಾದಂಬರಿ. ಇಂಥವನ್ನು ಹೇಗೆ ಓದಬೇಕು ಅಂತ ಮಂಡಿಯ ಹುಡುಗರು ಇಬ್ಬರು ಮೂವರು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಈ ಹುಚ್ಚು ಹಿಡಿಸಿದವಳು ನನ್ನ ದೊಡ್ಡಮ್ಮ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ಅವಳು ವಾರವಾರ ಬ್ಲೇಡಿನಿಂದ ಕತ್ತರಿಸಿ ತೆಗೆದಿಡುತ್ತಿದ್ದಳು. ಕೊನೆಗೆ ದಬ್ಬಳದಲ್ಲಿ ತೂತು ಮಾಡಿ, ಹುರಿದಾರ ಹಾಕಿ ಹೊಲಿದು, ರಟ್ಟಿಗೆ ಹಳೇ ಕ್ಯಾಲೆಂಡರ್ ಅಂಟಿಸಿದರೆ ಪುಸ್ತಕವಾಯಿತು. ಅಂಟಿಗೆ ಮೈದಾ ಗಂಜಿ. ಅದರ ಆಸೆಗೆ ಬಂದ ಜಿರಲೆಗಳು ಅಂಚನ್ನೆಲ್ಲ ತಿಂದಿದ್ದವು. ಪುಟದ ಬೆನ್ನಿಗೆ ಯಾವುದೋ ವಾರದ ರಾಶಿಭವಿಷ್ಯ ಅರ್ಧಕ್ಕೆ ತುಂಡಾಗಿರುತ್ತಿತ್ತು. ಹಾಗೆ ಹೊಲಿದ ಪುಸ್ತಕವೊಂದನ್ನು ಏಳನೇ ಕ್ಲಾಸಿನ ಬೇಸಿಗೆ ರಜದಲ್ಲಿ ನನ್ನ ಕೈಗೆ ಕೊಟ್ಟಳು. ಪಾಳೆಯಗಾರನೊಬ್ಬನ ಬೆಟ್ಟದ ಕೋಟೆ, ಕೆಳಗೆ ಶತ್ರುವಿನ ಠಾಣ್ಯ. ಕೋಟೆಯ ಕಣಜದ ಲೆಕ್ಕ ಬರೆಯುವವನ ಮಗಳಿಗೆ ಒಬ್ಬ ಸವಾರನ ಮೇಲೆ ಮನಸ್ಸು. ನೀರಿನ ದೊಣೆಗೆ ಇಳಿಯುವ ಕಳ್ಳದಾರಿಯನ್ನು ಯಾರೋ ಕೆಳಗಿನವರಿಗೆ ತೋರಿಸಿಕೊಟ್ಟಿದ್ದಾರೆ, ಅನುಮಾನ ಆ ಸವಾರನ ಮೇಲೆ. ಕಾದಂಬರಿಯ ಹೆಸರು ಹೇಳುವುದಿಲ್ಲ, ಓದದೇ ಇರುವವರ ಸುಖ ಕೆಡುತ್ತದೆ.

ಹುಡುಗಿ ದೀಪ ಹಿಡಿದು ಆ ಕಳ್ಳದಾರಿಗೆ ಕಾಲಿಡುತ್ತಾಳೆ. ಅಲ್ಲಿಗೆ ಹೊಲಿಗೆ ಮುಗಿದಿತ್ತು. ಕೊನೆಯ ಎರಡು ಕಂತು ಇರಲಿಲ್ಲ. ಯಾಕೆ ಅಂತ ಕೇಳಿದೆ. 'ಆವಾಗ ನಿಮ್ಮಮ್ಮನ ಬಾಣಂತನಕ್ಕೆ ಬಂದಿದ್ದೆನಲ್ಲಪ್ಪ, ಪತ್ರಿಕೆ ಯಾರು ತರಿಸ್ತಾರೆ?' ಅಂದಳು. ಆ ಬಾಣಂತನ ನಾನು ಹುಟ್ಟಿದ್ದಕ್ಕೆ. ಆ ಎರಡು ಕಂತಿನ ಸಾಲ ನನ್ನ ತಲೆ ಮೇಲಿದೆ ಅಂತ ಅವತ್ತಿನಿಂದ ಅನ್ನಿಸುತ್ತಲೇ ಇದೆ.

ಶುರುವಿನಲ್ಲಿ ನಾನು ಓದುತ್ತಿದ್ದ ರೀತಿ ತಪ್ಪಾಗಿತ್ತು. ಕೈಗೆ ಮೊಬೈಲ್ ಬಂದ ಮೇಲಂತೂ ಇನ್ನೂ ಕೆಟ್ಟಿತು. ಪುಟಕ್ಕೊಂದು ಹೆಸರು ಬಂದರೆ ಸಾಕು, ಅವನು ನಿಜವಾಗಿ ಇದ್ದನೇ, ಯಾವಾಗ ಸತ್ತ ಅಂತ ಹುಡುಕುವುದು. ಹೈದರನ ಕಾಲದ ಕಾದಂಬರಿಯೊಂದರಲ್ಲಿ ಹಾಗೆ ನೋಡಿಬಿಟ್ಟು, ನೂರನೇ ಪುಟದಲ್ಲೇ ಕೋಟೆಯ ಅಧಿಕಾರಿ ಕಿಲ್ಲೇದಾರ ಎಲ್ಲಿ ಹೇಗೆ ಸಾಯುತ್ತಾನೆ ಅಂತ ತಿಳಿದುಹೋಯಿತು. ಉಳಿದ ಇನ್ನೂರು ಪುಟ ಹಳಸಿದ ಅನ್ನದ ಹಾಗೆ. ಈಗ ಮೊದಲನೇ ಓದಿಗೆ ಏನನ್ನೂ ನೋಡುವುದಿಲ್ಲ. ಕಥೆಗಾರ ಕರೆದ ಕಡೆಗೆ ಸುಮ್ಮನೆ ಹೋಗುತ್ತೇನೆ.

ಒಂದು ಚೀಟಿ ಮಾತ್ರ ಇಟ್ಟುಕೊಳ್ಳುತ್ತೇನೆ. ಇಂಥ ಪುಸ್ತಕಗಳಲ್ಲಿ ದಳವಾಯಿ, ಫೌಜುದಾರ, ಸುಬೇದಾರ, ಅಮಲ್ದಾರ ಅಂತ ಜನ ಸಂತೆಯ ಹಾಗೆ ಬರುತ್ತಾರೆ. ಹೆಸರಿನ ಮುಂದೆ ಯಾರ ಕಡೆಯವನು ಅಂತ ಒಂದು ಗುರುತು, ಅದರ ಮುಂದೆ ಅವನಿಗೆ ಏನೇನು ಗೊತ್ತು ಅಂತ ಒಂದು ಸಾಲು. ಈ ಕೊನೆಯದೇ ಮುಖ್ಯ. ಯಾರ ಬಳಿ ಕತ್ತಿ ಇದೆ ಅನ್ನುವುದಕ್ಕಿಂತ ಯಾರಿಗೆ ಯಾವ ಮಾತು ಯಾವಾಗ ತಿಳಿಯಿತು ಅನ್ನುವುದರಲ್ಲೇ ಗುಟ್ಟು ಅಡಗಿರುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರನ ಕೈಸೇರಿತು ಅಂತ ಸ್ಕೂಲಿಗೆ ಹೋದವರಿಗೆಲ್ಲ ಗೊತ್ತು. ಆದರೂ ಆ ಮುತ್ತಿಗೆಯ ಕಥೆ ಯಾರು ಹೇಳಿದರೂ ಉಸಿರು ಬಿಗಿಹಿಡಿದು ಕೇಳುತ್ತೇವೆ. ಕೋಟೆ ಬೀಳುತ್ತದೆ ಅಂತ ನಮಗೆ ಗೊತ್ತು, ಒಳಗಿರುವವರಿಗೆ ಗೊತ್ತಿಲ್ಲ. ಆ ಸಂಕಟ ಬೇರೆ ಯಾವ ಪತ್ತೇದಾರಿ ಕಥೆಯಲ್ಲೂ ನನಗೆ ಸಿಕ್ಕಿಲ್ಲ.

ಎರಡನೇ ಓದು ಶುರುವಾದದ್ದು ಒಂದು ಅವಮಾನದಿಂದ. ಕೋಲಾರದಲ್ಲಿ ಹೈದರನ ತಂದೆ ಫತೇ ಮಹಮ್ಮದನ ಗೋರಿ ಇದೆ, ನಾವೆಲ್ಲ ಮಕ್ಬರಾ ಅನ್ನುತ್ತೇವೆ. ಬೆಂಗಳೂರಿಂದ ಬಂದ ನೆಂಟರನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗಷ್ಟೇ ಓದಿ ಮುಗಿಸಿದ್ದ ಕಾದಂಬರಿಯ ಬೇಗಂ ಒಬ್ಬಳು ತಲೆಯಲ್ಲಿ ತುಂಬಿಕೊಂಡಿದ್ದಳು. ಪಕ್ಕದ ಗೋರಿ ತೋರಿಸಿ ಅವಳದೇ ಅಂತ ಹೇಳಿ, ಅವಳ ಪ್ರೇಮದ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟೆ. ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, ಮೆಲ್ಲಗೆ, 'ಇದು ನಮ್ಮ ಹಿರೀಕರ ಜಾಗ ಸ್ವಾಮಿ. ಯಾರದು ಅಂತ ಗೊತ್ತಿಲ್ಲದ ಗೋರಿಗೆ ಹೆಸರು ಕಟ್ಟಬೇಡಿ' ಅಂದರು. ಮುಖ ಎತ್ತಲಾಗಲಿಲ್ಲ. ಸತ್ತವರ ಹಾಸಿಗೆ ಮೇಲೆ ಇನ್ನೊಬ್ಬರನ್ನು ಮಲಗಿಸಿದ್ದೆ.

ಅವತ್ತು ರಾತ್ರಿಯೇ ಮಂಡಿಯ ಖಾಲಿ ಲೆಕ್ಕದ ಪುಸ್ತಕ ಒಂದನ್ನು ತೆಗೆದೆ. ಎಡಗಡೆಯ ಪುಟ ದಾಖಲೆಗೆ, ಬಲಗಡೆಯದು ಕಥೆಗಾರರ ಕಲ್ಪನೆಗೆ. ಮೊದಲ ಓದು ಮುಗಿದು ಒಂದು ತಿಂಗಳು ಬಿಟ್ಟು ಅದೇ ಕಾದಂಬರಿಯನ್ನು ಮತ್ತೆ ಹಿಡಿದು ಎರಡೂ ಪುಟ ತುಂಬುತ್ತೇನೆ. ಕೋಲಾರ, ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಕಥೆಯಾದರೆ ಶಾಸನಗಳನ್ನು ಜಿಲ್ಲೆವಾರು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, ಅಂದರೆ ಕೋಲಾರ ಜಿಲ್ಲೆಯದನ್ನು ನೋಡುತ್ತೇನೆ. ಬಿ. ಎಲ್. ರೈಸ್ 1905ರಲ್ಲಿ ಹೊರತಂದದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಆ ತಾಲ್ಲೂಕುಗಳ ಶಾಸನಗಳೂ ಅದರಲ್ಲೇ ಇವೆ. ತುಮಕೂರಿನದು 12ನೇ ಸಂಪುಟ.

ಕಲ್ಪನೆಯನ್ನು ಹಿಡಿದುಹಾಕುವುದಕ್ಕೆ ಹೀಗೆ ಮಾಡುತ್ತೇನೆ ಅಂತ ಯಾರೂ ತಿಳಿಯಬಾರದು. ಎಡಗಡೆ ಎಲ್ಲಿ ಖಾಲಿ ಉಳಿಯಿತು ಅಂತ ನೋಡುವುದೇ ನನಗೆ ಬೇಕಾದದ್ದು. ಒಳ್ಳೆಯ ಕಥೆಗಾರ ಆ ಖಾಲಿ ಜಾಗದಲ್ಲೇ ಪ್ರೀತಿಯನ್ನೂ ಗುಟ್ಟನ್ನೂ ಇಟ್ಟಿರುತ್ತಾನೆ. ದಾಖಲೆ ಬಾಯಿಬಿಟ್ಟು ಹೇಳುತ್ತಿರುವಲ್ಲಿ ಅದನ್ನು ತಿರುಚುವುದಿಲ್ಲ. ಅಂದರೆ ಅವನು ಬರೆಯುವುದು ಕಳೆದುಹೋದ ಕಂತುಗಳನ್ನು. ಇದು ಹೊಳೆದ ದಿನ ದೊಡ್ಡಮ್ಮನ ಹೊಲಿಗೆ ಪುಸ್ತಕವನ್ನು ಅಟ್ಟದಿಂದ ಇಳಿಸಿ ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ನಮ್ಮೂರ ಕೆರೆ ಏರಿಯ ಪಕ್ಕ ಒಂದು ವೀರಗಲ್ಲಿದೆ. ಮೂರು ಅಂಕಣ. ಕೆಳಗೆ ಕತ್ತಿ ಎತ್ತಿದ ಆಳು, ಅವನ ಹಿಂದೆ ಒತ್ತೊತ್ತಾಗಿ ಹಸುಗಳ ತಲೆ. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ಬಸವ. ಅಕ್ಷರ ಸವೆದಿದೆ, ಎಣ್ಣೆ ಅರಿಶಿನ ಮೆತ್ತಿ ಬೆರಳು ಜಾರುತ್ತದೆ. ತುರು ಬಿಡಿಸಲು ಹೋಗಿ ಸತ್ತವರ ಇಂಥ ಕಲ್ಲುಗಳು ಕೋಲಾರದ ಸೀಮೆಯಲ್ಲಿ ಎಷ್ಟೋ ಇವೆ. ಹಸು ಹೊಡೆದುಕೊಂಡು ಹೋದವರು ಯಾರು? ಅವನು ಮನೆ ಬಿಡುವಾಗ ಒಲೆ ಮುಂದೆ ಯಾರಿದ್ದರು? ಎಡಗಡೆಯ ಪುಟದಲ್ಲಿ ಇದಕ್ಕೆ ಉತ್ತರ ಇಲ್ಲ. ಕೆಲವು ಕಡೆ ಪಕ್ಕದಲ್ಲೇ, ಗಂಡನ ಹಿಂದೆ ಬೆಂಕಿಗೆ ಬಿದ್ದವಳ ನೆನಪಿನ ಮಾಸ್ತಿಕಲ್ಲು ಇರುತ್ತದೆ: ಬಳೆ ತೊಟ್ಟು ಮೇಲೆತ್ತಿದ ಒಂದು ಕೈ, ಅಷ್ಟೆ.

ಅಪರೂಪಕ್ಕೆ ಶಾಸನವೇ ಕಥೆಯನ್ನು ಪೂರ್ತಿ ಹೇಳಿಬಿಡುತ್ತದೆ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಕಲ್ಲೊಂದಿದೆ. ಏಚ ಅನ್ನುವವನು ಕುಸ್ತಿಯಲ್ಲಿ ಅರಸನ ಸಂಬಂಧಿಯನ್ನು ಕೊಂದ ತಪ್ಪಿಗೆ ತಲಕಾಡಿನಲ್ಲಿ ಅವನನ್ನು ಕೊಲ್ಲಿಸುತ್ತಾರೆ. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳಲು ಹೊರಡುತ್ತಾಳೆ. ಹೆತ್ತವರು ಬೇಡ ಅಂತ ಅಂಗಲಾಚುತ್ತಾರೆ, ಕೇಳುವುದಿಲ್ಲ. ಅವಳ ಸಾವನ್ನು ಆ ಕಾಲ ಹೊಗಳಿತು, ನಾನು ಹೊಗಳಲಾರೆ. ಆದರೆ ತಡೆದವರ ಮಾತನ್ನೂ ಬಿಡದೆ ಕಲ್ಲಿಗೆ ಹಾಕಿದ ಆ ಕವಿಯ ಮುಂದೆ ಕೈ ಮುಗಿಯುತ್ತೇನೆ.

ಇದನ್ನು ಓದಿದ ಮೇಲೆ ಕಾದಂಬರಿಯ ಪ್ರೀತಿಯನ್ನು ತೂಗಲು ನನಗೊಂದು ತಕ್ಕಡಿ ಸಿಕ್ಕಿತು. ಆ ಹುಡುಗ ಹುಡುಗಿಯನ್ನು ಎತ್ತಿ ಇವತ್ತಿನ ಕಾಲೇಜಿನಲ್ಲಿ ಕೂರಿಸಿದರೆ ಕಥೆ ಹಾಗೇ ನಡೆಯುತ್ತದೆಯೇ? ನಡೆದರೆ ಅದು ಐತಿಹಾಸಿಕ ಕಾದಂಬರಿ ಅಲ್ಲ, ವೇಷ ಹಾಕಿದ ಕಥೆ. ಅವರ ಪ್ರೀತಿಗೆ ಆ ಕಾಲವೇ ಅಡ್ಡ ಬರಬೇಕು. ಜಹಗೀರಿನ ಹಂಗು, ಕೊಟ್ಟ ಭಾಷೆ, ಮನೆತನದ ಹಗೆ, ಜಾತಿ, ಇವುಗಳಿಗೆ ಗುದ್ದಿ ಗುದ್ದಿ ಅದು ದಾರಿ ಹುಡುಕಬೇಕು. 18ನೇ ಶತಮಾನದ ಹುಡುಗಿ 'ನನ್ನ ಬದುಕು ನನ್ನ ಆಯ್ಕೆ' ಅಂತ ಭಾಷಣ ಮಾಡುವ ಪುಸ್ತಕಗಳನ್ನು ನಾನು ಮುಚ್ಚಿಟ್ಟಿದ್ದೇನೆ. ಅವಳಿಗೂ ಹಟ ಇತ್ತು, ಅದನ್ನು ಅವಳ ಮಾತಲ್ಲೇ ಹೇಳಿಸುವುದು ಕಷ್ಟದ ಕೆಲಸ. ಆ ಕಷ್ಟ ಪಟ್ಟವರನ್ನು ಓದುವುದರಲ್ಲಿ ಸುಖವಿದೆ.

ಸಾಹಸದ ವಿಷಯ ಬೇರೆ. ಅದನ್ನು ಕಾಲಿನಿಂದಲೇ ಓದಬೇಕು. ನಾಯಕ ರಾತ್ರೋರಾತ್ರಿ ಇಷ್ಟು ಹರಿದಾರಿ ಹೋದ ಅಂತ ಇದ್ದರೆ, ಆಗುವ ಕಡೆಗೆ ಬಸ್ಸು ಹತ್ತಿ ಹೋಗಿ, ಕೊನೆಯ ಒಂದೆರಡು ಮೈಲಿಯನ್ನಾದರೂ ನಡೆಯುತ್ತೇನೆ. ಗುಡಿಬಂಡೆಯ ಕೋಟೆ ಹತ್ತಿ ಬಂಡೆಯಲ್ಲಿನ ದೊಣೆಗಳ ನೀರು ಮುಟ್ಟಿದ ಮೇಲೆಯೇ, ಕೋಟೆಯ ಕಥೆಗಳಲ್ಲಿ ದ್ರೋಹ ಯಾಕೆ ನೀರಿನ ದಾರಿಯಿಂದಲೇ ಬರುತ್ತದೆ ಅಂತ ನನಗೆ ಅರ್ಥವಾಗಿದ್ದು. ಮಳೆನೀರೇ ಆಧಾರವಾದ ಬೋಳು ಬಂಡೆಯ ಮೇಲೆ, ನೀರನ್ನು ಕಾಯುವವನ ಕೈಯಲ್ಲೇ ಕೋಟೆ.

ಮುಳಬಾಗಿಲಿಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಕೋಲಾರದಿಂದ ಸುಮಾರು 30 ಕಿಲೋಮೀಟರ್. 1768ರ ಅಕ್ಟೋಬರ್ 4ರಂದು ಅಲ್ಲಿ ಹೈದರನಿಗೂ ಇಂಗ್ಲಿಷ್ ಕಂಪನಿಯ ಕರ್ನಲ್ ವುಡ್‌ನಿಗೂ ದೊಡ್ಡ ಕಾಳಗವಾಯಿತು. ವುಡ್‌ನ ಪಡೆ ಬಂಡೆಗಳ ನಡುವೆ ಸಿಕ್ಕಿ ಸೋಲುವ ಹಂತಕ್ಕೆ ಬಂದಿತ್ತು. ಸಾಮಾನು ಸರಂಜಾಮು ಕಾಯಲು ಹಿಂದೆ ಬಿಟ್ಟಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಸುತ್ತುದಾರಿಯಲ್ಲಿ ಒಂದು ಚಪ್ಪಟೆ ಬಂಡೆಯ ಮೇಲಕ್ಕೆ ಎಳೆಸಿದ. ಎಳೆದವರಲ್ಲಿ ಕಾಯಿಲೆಯವರು, ಗಾಯವಾದವರು ಇದ್ದರು. ಮೇಲೆ ನಿಂತು ಎಲ್ಲರೂ ಒಟ್ಟಿಗೆ 'ಸ್ಮಿತ್! ಸ್ಮಿತ್!' ಅಂತ ಕೂಗಿದರು. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತು ಅಂತ ನಂಬಿ ಹೈದರನವರು ಹಿಂದೆ ಸರಿದರು. ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ. ಕಾದಂಬರಿಯಲ್ಲಿ ಬರೆದಿದ್ದರೆ ನಾನೇ ಬಲಗಡೆಯ ಪುಟಕ್ಕೆ ಹಾಕುತ್ತಿದ್ದೆ. ಇದು ಎಡಗಡೆಯದು.

ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತು ಮಗಳು, 'ಆ ಕಾಯಿಲೆಯವರ ಹೆಸರು ಬರೆದಿಟ್ಟಿದ್ದಾರಾ ಅಪ್ಪ?' ಅಂತ ಕೇಳಿದಳು. ನಾನು ಓದಿದ್ದರಲ್ಲಿ ಕ್ಯಾಪ್ಟನ್ನನ ಹೆಸರಷ್ಟೇ ಇತ್ತು. 'ಹಾಗಾದರೆ ನಾನು ಬರೀತೀನಿ' ಅಂದಳು. ಅವಳ ಪ್ರಶ್ನೆಯನ್ನೇ ಬಲಗಡೆಯ ಪುಟದ ತಲೆಗೆ ಬರೆದುಕೊಂಡೆ.

ಮಕ್ಬರಾಕ್ಕೂ ಆಮೇಲೆ ಮತ್ತೆ ಹೋದೆ, ಒಬ್ಬನೇ. ಈ ಸಲ ಎಡಗಡೆಯ ಪುಟ ಓದಿಕೊಂಡು ಹೋಗಿದ್ದೆ. ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. 1728ರ ಸುಮಾರಿಗೆ ತಂದೆ ಯುದ್ಧದಲ್ಲಿ ಸತ್ತಾಗ ಅವನಿನ್ನೂ ಚಿಕ್ಕ ಹುಡುಗ. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನ್ ಅನ್ನುವವನು ದುಡ್ಡು ಕಕ್ಕಿಸುವುದಕ್ಕೆ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂಡಿ, ಮೇಲೆ ಬಾರಿಸಿ ಹಿಂಸೆ ಕೊಟ್ಟ ಅಂತ ಮೈಸೂರಿನ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಹೇಳಿದ್ದಾನೆ. ಮೂವತ್ತು ವರ್ಷದ ಮೇಲೆ ಹೈದರ್ ದಂಡಿನ ಸಮೇತ ಬಂದಾಗ ಅದೇ ಖಾನ್ ಊರು ಬಿಟ್ಟು ಓಡಿದ. ನಗಾರಿಯ ಕತ್ತಲಲ್ಲಿ ಆ ಹುಡುಗ ಏನು ಅಂದುಕೊಂಡ ಅಂತ ಯಾವ ದಾಖಲೆ ಹೇಳೀತು? ಬೇಗಂಳ ಕಟ್ಟುಕಥೆಗಿಂತ ಇದು ದೊಡ್ಡದು. ಅವತ್ತಿನ ಹಿರಿಯರು ಕಾಣಲಿಲ್ಲ, ಕಂಡಿದ್ದರೆ ಅವರಿಗೆ ಹೇಳಬೇಕು ಅಂದುಕೊಂಡಿದ್ದೆ.

ಹೋದ ವರ್ಷ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ದೊಡ್ಡಮ್ಮನ ಕಾದಂಬರಿ ಅಚ್ಚಾದ ಪುಸ್ತಕವಾಗಿ ಸಿಕ್ಕಿತು. ರಾಶಿಯ ಮುಂದೆ ಕೂತೇ ಕೊನೆಯ ಪುಟ ತೆಗೆಯಬಹುದಿತ್ತು. ತೆಗೆಯಲಿಲ್ಲ. ದೊಡ್ಡಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮಂಡಿ ಮುಗಿಸಿ ಸಂಜೆ ಹೋಗಿ ಮೊದಲಿಂದಲೇ ಓದಿ ಹೇಳಿದೆ. 23 ಸಂಜೆ ಹಿಡಿಯಿತು. ಹುಡುಗಿ ದೀಪ ಹಿಡಿದು ಕಳ್ಳದಾರಿಗೆ ಕಾಲಿಟ್ಟ ಸಾಲು ಬಂದಾಗ ದೊಡ್ಡಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಆಮೇಲಿನ ಎರಡು ಕಂತನ್ನು ಒಂದೇ ಸಂಜೆಗೆ ಓದಿ ಮುಗಿಸಿದೆ. ನನ್ನ ಗಂಟಲು ಕಟ್ಟಿತ್ತು.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಹೀಗಾ ಆಗಿದ್ದು?' ಅಂದಳು. ಆಮೇಲೆ, 'ನಾನು ಅವಳನ್ನ ಆವತ್ತೇ ಬೆಟ್ಟ ಇಳಿಸಿ ನಮ್ಮೂರಿಗೆ ಕರ್ಕೊಂಡು ಬಂದುಬಿಟ್ಟಿದ್ದೆ ಕಣಪ್ಪ. ಕೆರೆ ಕೆಳಗೆ ಎರಡು ಗದ್ದೆ ಕೊಡಿಸಿದ್ದೆ. ಹಸು ಕಟ್ಟಿಕೊಂಡಿದ್ದಳು.'

'ಆ ಹುಡುಗ?' ಅಂದೆ.

'ಅವನು ಬರ್ತಾನೆ ಅಂತ ದಾರಿ ನೋಡ್ತಾ ಇದ್ದಳು' ಅಂದಳು ದೊಡ್ಡಮ್ಮ. 'ಇನ್ನೂ ಬಂದಿರಲಿಲ್ಲ.'